ವರ್ಗ ಪೂರ್ಣಗೊಳಿಸುವ ಪಾಠವನ್ನು ಮಕ್ಕಳಿಂದ ಕಿತ್ತುಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಗಣಿತದ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಫಲಿತಾಂಶದ ಸುದ್ದಿ. ಯಾವ ಜಿಲ್ಲೆ ಮೊದಲು, ಯಾವುದು ಕೊನೆ ಅನ್ನುವ ಲೆಕ್ಕ. 2025ರಲ್ಲಿ ಕೊನೆಗೆ ನಿಂತದ್ದು ನಮ್ಮ ಕಲಬುರಗಿ. ನಾನು ಇದೇ ಜಿಲ್ಲೆಯ ಸೇಡಂ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಈಗಲೂ ಸಂಜೆಯಾದರೆ ನಮ್ಮ ಓಣಿಯ ಮಕ್ಕಳು ಪುಸ್ತಕ ಹಿಡಿದು ಮನೆಗೆ ಬರುತ್ತಾರೆ. ಅವರ ಪುಸ್ತಕದ ಒಂದು ಪಾಠದ ಬಗ್ಗೆ ಬರೆಯುತ್ತಿದ್ದೇನೆ. ವರ್ಗ ಸಮೀಕರಣಗಳ ಪಾಠ.

ಈ ಪಾಠದಲ್ಲಿ ಸಮೀಕರಣದ ಮೂಲ, ಅಂದರೆ ಎಕ್ಸ್‌ನ ಬೆಲೆ, ಕಂಡುಹಿಡಿಯಲು ಮೂರು ದಾರಿ ಇದ್ದವು. ಅಪವರ್ತನ ವಿಧಾನ, ವರ್ಗ ಪೂರ್ಣಗೊಳಿಸುವ ವಿಧಾನ, ಸೂತ್ರ ವಿಧಾನ. 2022ರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ ಓದಿನ ಹೊರೆ ಇಳಿಸುತ್ತೇವೆ ಅಂತ 10ನೇ ತರಗತಿ ಗಣಿತದಿಂದ ಕೆಲವು ಭಾಗಗಳನ್ನು ತೆಗೆಯಿತು. ನಡುವಿನ ದಾರಿ ಹೋಯಿತು. ಅದರ ಹಿಂದಿನ ಅಧ್ಯಾಯದಲ್ಲಿದ್ದ, ಸರಳ ರೂಪಕ್ಕೆ ಇಳಿಸಿ ಬಿಡಿಸುವ ಸಮೀಕರಣಗಳೂ ಹೋದವು. ನಮ್ಮ ರಾಜ್ಯದ ಗಣಿತ ಪುಸ್ತಕಕ್ಕೂ ಮೂಲ ಅದೇ ಪುಸ್ತಕ. ಪುಸ್ತಕದಲ್ಲಿ ಇದ್ದರೂ ಅಷ್ಟೆ, ಪರೀಕ್ಷೆಗೆ ಬರುವುದಿಲ್ಲ ಅಂದಮೇಲೆ ಆ ಪಾಠ ನಡೆಯುವುದಿಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ನಿಂತವರಿಗೆ ಇದು ಗೊತ್ತು. "ಇದು ಪರೀಕ್ಷೆಗೆ ಬರ್ತದೇನ್ರಿ ಟೀಚರ್?" ಅನ್ನುವ ಪ್ರಶ್ನೆ ಎಲ್ಲಕ್ಕಿಂತ ಮೊದಲು ಬರುತ್ತದೆ.

ಈಗ ಮನೆಗೆ ಬರುವ ಮಕ್ಕಳನ್ನು ನೋಡುತ್ತೇನೆ. ಸೂತ್ರ ಬಾಯಿಪಾಠ ಇದೆ. ಮೈನಸ್ ಬಿ, ಪ್ಲಸ್ ಆರ್ ಮೈನಸ್, ಬಿ ವರ್ಗ ಮೈನಸ್ 4 ಎಸಿಯ ವರ್ಗಮೂಲ, ಭಾಗಿಸು 2 ಎ. ಒಂದೇ ಉಸಿರಿಗೆ ಹೇಳುತ್ತಾರೆ. ಆ 4 ಎಲ್ಲಿಂದ ಬಂತು ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಬಿ ವರ್ಗ ಯಾಕೆ ಬಂತು ಅಂದರೂ ಅದೇ. ಯಾಕೆ ಅನ್ನುವುದನ್ನು ಹೇಳಿಕೊಡುತ್ತಿದ್ದದ್ದೇ ಆ ನಡುವಿನ ದಾರಿ.

ಪಾಸಾಗಲು ಬೇಕಾದಷ್ಟೇ ಪಾಠ ಆರಿಸಿ, ಪಾಸಿಂಗ್ ಪ್ಯಾಕೇಜ್ ಮಾಡಿ ಓದಿಸುವ ಶಿಕ್ಷಕರನ್ನು ನಾನು ದೂರುವುದಿಲ್ಲ. ತೊಗರಿ ರಾಶಿಯ ಕಾಲದಲ್ಲಿ ಹೊಲಕ್ಕೆ ಹೋಗಿ, ಉಳಿದ ದಿನ ಶಾಲೆಗೆ ಬರುವ ಹುಡುಗಿ ಗಣಿತದಲ್ಲಿ ಪಾಸಾದರೆ ಅವಳ ಮದುವೆ ಎರಡು ವರ್ಷವಾದರೂ ಮುಂದೆ ಹೋಗುತ್ತದೆ. ಅದು ಸಣ್ಣ ಮಾತಲ್ಲ. ಆದರೆ ಪಾಸಾಗುವುದಕ್ಕೂ ಅರ್ಥವಾಗುವುದಕ್ಕೂ ಜಗಳ ಇದೆ ಅಂತ ನಾವು ನಂಬಿಬಿಟ್ಟಿದ್ದೇವೆ. ಬಾಯಿಪಾಠದಲ್ಲಿ ಒಂದು ಚಿಹ್ನೆ ತಪ್ಪಿದರೆ ಮಗುವಿಗೆ ಗೊತ್ತೇ ಆಗುವುದಿಲ್ಲ. ಅರ್ಥವಾದ ಮಗು ತಾನೇ ಹಿಂದೆ ಹೋಗಿ ಸರಿಮಾಡಿಕೊಳ್ಳುತ್ತದೆ.

ನಾನು ಈ ಪಾಠವನ್ನು ಕರಿಹಲಗೆಯ ಮೇಲೆ ಶುರು ಮಾಡುತ್ತಿರಲಿಲ್ಲ. ಶಾಲೆಯ ಪಡಸಾಲೆಯಲ್ಲಿ, ನೆಲದ ಮೇಲೆ ಮಾಡುತ್ತಿದ್ದೆ. ನಮ್ಮ ಕಡೆ ನೆಲ ಅಂದರೆ ಶಹಾಬಾದ್ ಕಲ್ಲು, ಅಂದರೆ ಫರ್ಸಿ. ಎಷ್ಟೋ ಮಕ್ಕಳ ಅಪ್ಪಂದಿರು ಆ ಕಲ್ಲಿನ ಗಣಿಯಲ್ಲೋ ಪಾಲಿಶ್ ಮಷಿನ್ ಮುಂದೆಯೋ ದುಡಿಯುವವರು. ಒಂದು ಚೌಕ ಗೆರೆ ಹಾಕುತ್ತಿದ್ದೆ. ಬದಿ ಎಷ್ಟು ಅಂತ ಗೊತ್ತಿಲ್ಲ, ಎಕ್ಸ್ ಅಂತಿರಲಿ. ಅದರ ಬಲಕ್ಕೆ 5 ಅಗಲದ ಒಂದು ಪಟ್ಟಿ, ಕೆಳಗೆ 5 ಅಗಲದ ಇನ್ನೊಂದು ಪಟ್ಟಿ. ಚೌಕ ಮತ್ತು ಎರಡು ಪಟ್ಟಿ ಸೇರಿ 39 ಕಲ್ಲು. ಅಂದರೆ ಎಕ್ಸ್ ವರ್ಗ, ಅದಕ್ಕೆ 10 ಎಕ್ಸ್ ಕೂಡಿಸಿದರೆ 39. ಈಗ ಇದನ್ನು ದೊಡ್ಡ ಚೌಕ ಮಾಡಬೇಕು, ಏನು ಕಡಿಮೆ ಬಿದ್ದಿದೆ ಅಂತ ಕೇಳುತ್ತಿದ್ದೆ. ಲೆಕ್ಕ ಅಂದರೆ ಹಿಂದಿನ ಬೆಂಚಿಗೆ ಓಡುವ ಹುಡುಗನೊಬ್ಬ, ಫರ್ಸಿ ಹಾಕುವವರ ಮಗ, ಥಟ್ಟನೆ ಹೇಳಿದ: "ಮೂಲ್ಯಾಗ ಕಲ್ಲು ಇಲ್ರಿ ಟೀಚರ್. ಐದೈದ್ಲೆ ಇಪ್ಪತ್ತೈದು ಬೇಕ್ರಿ." 39ಕ್ಕೆ 25 ಕೂಡಿಸಿದರೆ 64. ದೊಡ್ಡ ಚೌಕದ ಬದಿ 8. ಪಟ್ಟಿಯ 5 ಕಳೆದರೆ ಎಕ್ಸ್ ಅಂದರೆ 3. ವರ್ಗ ಪೂರ್ಣಗೊಳಿಸುವುದು ಅಂದರೆ ಇಷ್ಟೇ, ಆ ಮೂಲೆ ತುಂಬುವುದು.

ಈ ಲೆಕ್ಕ ನಾನು ಕಟ್ಟಿದ್ದಲ್ಲ. 9ನೇ ಶತಮಾನದಲ್ಲಿ ಬಾಗ್ದಾದ್‌ನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಜ್ಮಿ ಇದೇ 10, ಇದೇ 39 ಇಟ್ಟುಕೊಂಡು ಹೀಗೆ ಚೌಕ ಬರೆದೇ ತೋರಿಸಿದ್ದ. ನೆಲದ ಮೇಲೆ ಕಾಣದ ಇನ್ನೊಂದು ಮೂಲವೂ ಇದಕ್ಕೆ ಇದೆ, ಮೈನಸ್ 13. ಕಲ್ಲಿನಲ್ಲಿ ಮೈನಸ್ ಉದ್ದ ಇರುವುದಿಲ್ಲ, ಆದರೆ ಸಮೀಕರಣಕ್ಕೆ ಅದೂ ಸರಿ. ಚಿತ್ರ ನಿಂತಲ್ಲಿಂದ ಬೀಜಗಣಿತ ಮುಂದೆ ಹೋಗುತ್ತದೆ ಅನ್ನುವುದನ್ನು ಮಕ್ಕಳು ಅಲ್ಲೇ ನೋಡುತ್ತಿದ್ದರು.

ಭಿನ್ನರಾಶಿ ಬಂದರೆ ಮಕ್ಕಳು ಹೆದರುತ್ತಾರೆ, ಅದಕ್ಕೇ ಈ ವಿಧಾನ ಕಷ್ಟ ಅನ್ನುವವರಿದ್ದಾರೆ. ನಿಜ. ಆದರೆ ಭಿನ್ನರಾಶಿ ಇಲ್ಲದ ದಾರಿಯನ್ನು ನಮ್ಮ ಹಳೆಯ ಗಣಿತಜ್ಞ ಶ್ರೀಧರಾಚಾರ್ಯರು ಎಂದೋ ಕೊಟ್ಟಿದ್ದಾರೆ. ಅವರ ಬೀಜಗಣಿತದ ಪುಸ್ತಕ ಉಳಿದಿಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ಹೆಸರು ಹೇಳಿ ಎತ್ತಿ ಬರೆದದ್ದರಿಂದ ಆ ನಿಯಮ ನಮಗೆ ಸಿಕ್ಕಿದೆ. ಎಕ್ಸ್ ವರ್ಗದ ಸಹಗುಣಕವನ್ನು, ಅಂದರೆ ಅದರ ಮುಂದಿರುವ ಅಂಕಿಯನ್ನು, ನಾಲ್ಕು ಪಟ್ಟು ಮಾಡಿ ಅದರಿಂದ ಎರಡೂ ಕಡೆ ಗುಣಿಸಬೇಕು. ಮೊದಲಿದ್ದ ಎಕ್ಸ್‌ನ ಸಹಗುಣಕದ ವರ್ಗವನ್ನು ಎರಡೂ ಕಡೆ ಕೂಡಿಸಬೇಕು. ಆಮೇಲೆ ವರ್ಗಮೂಲ. ಅಷ್ಟೇ.

ಇದನ್ನು ಭಾಸ್ಕರಾಚಾರ್ಯರದೇ ಪುಸ್ತಕ ಲೀಲಾವತಿಯ ದುಂಬಿಗಳ ಲೆಕ್ಕದ ಮೇಲೆ ಹಚ್ಚಿ ನೋಡಿ. ಹಿಂಡಿನ ಅರ್ಧದ ವರ್ಗಮೂಲದಷ್ಟು ದುಂಬಿಗಳು ಮಾಲತಿ ಹೂವಿಗೆ ಹೋದವು. ಇಡೀ ಹಿಂಡಿನ 9ರಲ್ಲಿ 8 ಪಾಲೂ ಹೊರಟಿತು. ಉಳಿದದ್ದು ಎರಡು, ತಾವರೆಯೊಳಗೆ ಸಿಕ್ಕಿಕೊಂಡದ್ದು ಒಂದು, ಹೊರಗೆ ಸುತ್ತುತ್ತಿದ್ದ ಅದರ ಜೋಡಿ ಒಂದು. ಹಿಂಡು ಎಷ್ಟು? ಮೊದಲ ನೋಟಕ್ಕೆ ಇದು ವರ್ಗ ಸಮೀಕರಣ ಅಲ್ಲ, ವರ್ಗಮೂಲ ಅಡ್ಡ ನಿಂತಿದೆ. ಅದಕ್ಕೆ ಹಿಂಡಿನ ಅರ್ಧವನ್ನು ವೈ ವರ್ಗ ಅನ್ನೋಣ. ಹಿಂಡು 2 ವೈ ವರ್ಗ ಆಯಿತು, ವರ್ಗಮೂಲ ಬರೀ ವೈ ಆಯಿತು. ಸರಿಪಡಿಸಿದರೆ 2 ವೈ ವರ್ಗ ಮೈನಸ್ 9 ವೈ ಸಮ 18. ಈಗ ಶ್ರೀಧರರ ಮಾತಿನಂತೆ 8ರಿಂದ ಗುಣಿಸಿ, 9ರ ವರ್ಗ 81 ಕೂಡಿಸಿ. ಎಡಗಡೆ (4 ವೈ ಮೈನಸ್ 9)ರ ವರ್ಗ, ಬಲಗಡೆ 144ಕ್ಕೆ 81 ಸೇರಿ 225. 225ರ ವರ್ಗಮೂಲ 15. ವೈ ಅಂದರೆ 6, ಇಲ್ಲವೇ ಮೈನಸ್ ಒಂದೂವರೆ. 6 ಇಟ್ಟರೆ 72 ದುಂಬಿ. ಇನ್ನೊಂದನ್ನು ಇಟ್ಟರೆ ನಾಲ್ಕೂವರೆ ದುಂಬಿ, ಅದು ಆಗದು. ಇದೇ ಕೆಲಸವನ್ನು ಅಂಕಿಗಳ ಬದಲು ಎ, ಬಿ, ಸಿ ಇಟ್ಟು ಮಾಡಿದರೆ ಮೂರು ಸಾಲಿನಲ್ಲಿ ಸೂತ್ರ ಎದುರಿಗೆ ಬಂದು ನಿಲ್ಲುತ್ತದೆ. 4 ಎಲ್ಲಿಂದ ಬಂತು, ಬಿ ವರ್ಗ ಎಲ್ಲಿಂದ ಬಂತು, ಕೆಳಗೆ 2 ಎ ಯಾಕೆ, ಎಲ್ಲ ಕಣ್ಣೆದುರೇ. ಇದರಲ್ಲಿ ಹೊರೆ ಎಲ್ಲಿದೆ?

ನನಗೆ ಎಲ್ಲಕ್ಕಿಂತ ಪ್ರೀತಿಯ ಲೆಕ್ಕ ಬೇರೆ. ಅದು ನಮ್ಮ ಸೀಮೆಯದು. ಕಲಬುರಗಿಯಿಂದ ಸೇಡಂಗೆ ಬರುವ ದಾರಿಯಲ್ಲಿ ಕಾಗಿಣಾ ದಂಡೆಯ ಮೇಲೆ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದು. ಅಮೋಘವರ್ಷ ನೃಪತುಂಗನ ಹೆಸರು ಮಕ್ಕಳಿಗೆ ಕನ್ನಡ ಪಾಠದಿಂದ ಗೊತ್ತು. ಅದೇ ರಾಜನನ್ನು ಹೊಗಳಿ ಶುರುವಾಗುವ ಒಂದು ಗಣಿತದ ಪುಸ್ತಕ ಇದೆ ಅಂತ ಬಹಳ ಮಕ್ಕಳಿಗೆ ಗೊತ್ತಿಲ್ಲ. ಮಹಾವೀರಾಚಾರ್ಯರ ಗಣಿತಸಾರಸಂಗ್ರಹ, ಸುಮಾರು 850ರದು. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತ ಅವರು ಅದರಲ್ಲಿ ಬರೆದಿದ್ದಾರೆ. ಶೋಧಕ, ಅಂದರೆ ಸೂತ್ರದ ಬಿ ವರ್ಗ ಮೈನಸ್ 4 ಎಸಿ, ಸೊನ್ನೆಗಿಂತ ಕಡಿಮೆಯಾದರೆ ವಾಸ್ತವ ಮೂಲ ಇಲ್ಲ ಅಂತ ನಾವು ಕಲಿಸುತ್ತೇವಲ್ಲ, ಅದರ ಬೇರು ಈ ಮಾತಿನಲ್ಲೇ ಇದೆ.

ಅವರ ನವಿಲುಗಳ ಲೆಕ್ಕ ಹೀಗಿದೆ. ನವಿಲಿನ ಹಿಂಡಿನ 16ರಲ್ಲಿ ಒಂದು ಪಾಲನ್ನು ಅದರಿಂದಲೇ ಗುಣಿಸಿದಷ್ಟು ಮಾವಿನ ಮರದ ಮೇಲಿವೆ. ಉಳಿದವುಗಳ 9ರಲ್ಲಿ ಒಂದು ಪಾಲನ್ನು ಅದರಿಂದಲೇ ಗುಣಿಸಿದಷ್ಟು, ಜೊತೆಗೆ ಇನ್ನೂ 14, ತಮಾಲ ಮರಗಳ ತೋಪಿನಲ್ಲಿವೆ. ಒಟ್ಟು ನವಿಲು ಎಷ್ಟು?

ಒಟ್ಟಿಗೆ ಎಕ್ಸ್ ಅಂತ ಇಟ್ಟು ನೇರವಾಗಿ ಬಿಡಿಸಲು ಹೋದರೆ ಎಕ್ಸ್‌ನ ನಾಲ್ಕನೇ ಘಾತ ಬರುತ್ತದೆ. ಜಾಣ ಮಕ್ಕಳೂ ಅಲ್ಲಿ ಪೆನ್ನು ಕೆಳಗಿಡುತ್ತಾರೆ. ಆಗ ನಾನು ಹೇಳುತ್ತಿದ್ದದ್ದು ಒಂದೇ ಮಾತು: ಮಾವಿನ ಮರ ಮರೆತುಬಿಡಿ, ಉಳಿದ ನವಿಲಿಗೆ ವೈ ಅಂತ ಹೆಸರಿಡಿ. ಆಗ ವೈ ವರ್ಗ ಮೈನಸ್ 81 ವೈ ಪ್ಲಸ್ 1134 ಸಮ ಸೊನ್ನೆ. ಇಷ್ಟು ದೊಡ್ಡ ಅಂಕಿಯ ಅಪವರ್ತನ ಹುಡುಕುತ್ತಾ ಕೂತರೆ ಪಿರಿಯಡ್ಡೇ ಮುಗಿಯುತ್ತದೆ. ಶ್ರೀಧರರ ನಿಯಮ ಹಚ್ಚಿದರೆ (2 ವೈ ಮೈನಸ್ 81)ರ ವರ್ಗ 2025, ಅಂದರೆ 45ರ ವರ್ಗ. ವೈ 63 ಅಥವಾ 18. 63 ತೆಗೆದುಕೊಂಡು ಮಾವಿನ ಮರಕ್ಕೆ ವಾಪಸ್ ಬಂದರೆ ಎಕ್ಸ್ ವರ್ಗ ಮೈನಸ್ 256 ಎಕ್ಸ್ ಪ್ಲಸ್ 16128 ಸಮ ಸೊನ್ನೆ. 256ರ ಅರ್ಧ 128. ಮೂಲೆ ತುಂಬಿದರೆ (ಎಕ್ಸ್ ಮೈನಸ್ 128)ರ ವರ್ಗ 256, ಅಂದರೆ 16ರ ವರ್ಗ. ಎಕ್ಸ್ 144 ಅಥವಾ 112.

ಇಲ್ಲಿಗೆ ಬಂದರೆ ತರಗತಿಯಲ್ಲಿ ಗಲಾಟೆ ಶುರು. ಅರ್ಧ ಮಕ್ಕಳು 144 ಅನ್ನುತ್ತಾರೆ, ಉಳಿದವರು 112. ತಾಳೆ ನೋಡಿ ಅನ್ನುತ್ತಿದ್ದೆ. 144ರ 16ರಲ್ಲಿ ಒಂದು ಪಾಲು 9, ಮಾವಿನ ಮರದ ಮೇಲೆ 81, ಉಳಿದದ್ದು 63. 112ರ 16ರಲ್ಲಿ ಒಂದು ಪಾಲು 7, ಮರದ ಮೇಲೆ 49, ಉಳಿದದ್ದು ಮತ್ತೆ 63. ಆ 63ರ 9ರಲ್ಲಿ ಒಂದು ಪಾಲು 7, ಅದರ ವರ್ಗ 49, ಜೊತೆಗೆ 14. ಸರಿಹೋಯಿತು. ಎರಡೂ ಸರಿ! ಇನ್ನು ಆ 18ರ ದಾರಿ ಹಿಡಿದರೆ (ಎಕ್ಸ್ ಮೈನಸ್ 128)ರ ವರ್ಗ 11776 ಬರುತ್ತದೆ, ಅದು ಪೂರ್ಣ ವರ್ಗ ಅಲ್ಲ, ನವಿಲು ಪೂರ್ತಿ ಬರುವುದಿಲ್ಲ. ಎರಡು ಉತ್ತರವೂ ನಿಲ್ಲುವ ಲೆಕ್ಕ, ಒಂದನ್ನು ಬಿಡಬೇಕಾದ ಲೆಕ್ಕ, ಯಾಕೆ ಬಿಡಬೇಕು ಅನ್ನುವ ವಿಚಾರ, ಎಲ್ಲ ಒಂದೇ ಪ್ರಶ್ನೆಯಲ್ಲಿ. ಮಳಖೇಡದ ಕೋಟೆಯನ್ನು ಬಸ್ಸಿನ ಕಿಟಕಿಯಿಂದ ನೋಡುವ ಮಕ್ಕಳಿಗೆ ಈ ಲೆಕ್ಕ ಸಿಗಬೇಡವೇ?

ಈಗ ಪಿಯುಸಿ ಮಾತು. ಪ್ರಥಮ ಪಿಯುಸಿಯಲ್ಲಿ ವೃತ್ತದ ಸಮೀಕರಣ ಕೊಟ್ಟು ಕೇಂದ್ರ ಎಲ್ಲಿ, ತ್ರಿಜ್ಯ ಎಷ್ಟು ಅಂತ ಕೇಳುತ್ತಾರೆ. ಉದಾಹರಣೆಗೆ ಎಕ್ಸ್ ವರ್ಗ ಪ್ಲಸ್ ವೈ ವರ್ಗ ಪ್ಲಸ್ 8 ಎಕ್ಸ್ ಪ್ಲಸ್ 10 ವೈ ಮೈನಸ್ 8 ಸಮ ಸೊನ್ನೆ. ಎಕ್ಸ್‌ಗೆ 16, ವೈಗೆ 25 ಕೂಡಿಸಿ ಎರಡೂ ಮೂಲೆ ತುಂಬಿದರೆ ತ್ರಿಜ್ಯ 7 ಅಂತ ಕಾಣುತ್ತದೆ. ದ್ವಿತೀಯ ಪಿಯುಸಿಯ ಅನುಕಲನದಲ್ಲಿ ಮತ್ತೆ ಇದೇ ಕೆಲಸ. 4ರ ಘಾತ ಎಕ್ಸ್, ಅದರಿಂದ 2ರ ಘಾತ ಎಕ್ಸ್‌ನ 10 ಪಟ್ಟು ಕಳೆದು, 16 ಕೂಡಿಸಿದರೆ ಸೊನ್ನೆ ಅನ್ನುವಂಥ ಸಮೀಕರಣಗಳೂ ಬರುತ್ತವೆ. 2ರ ಘಾತ ಎಕ್ಸ್‌ಗೆ ವೈ ಅಂತ ಹೆಸರಿಟ್ಟರೆ ವೈ 8 ಅಥವಾ 2, ಎಕ್ಸ್ 3 ಅಥವಾ 1. ಅಲ್ಲಿ ಉಪನ್ಯಾಸಕರು ಇದನ್ನು ನೀವು ಹತ್ತರಲ್ಲೇ ಕಲಿತಿದ್ದೀರಿ ಅಂತ ಮುಂದೆ ಹೋಗುತ್ತಾರೆ. ಕೋಚಿಂಗ್‌ಗೆ ದುಡ್ಡು ಕೊಟ್ಟವರ ಮಕ್ಕಳಿಗೆ ಅದು ಬೇರೆ ಕಡೆ ಸಿಕ್ಕಿರುತ್ತದೆ. ಸರ್ಕಾರಿ ಶಾಲೆಯಿಂದ ಹೋದ ನಮ್ಮ ಮಕ್ಕಳಿಗೆ ಸಿಕ್ಕಿರುವುದಿಲ್ಲ. ಅವರು ಗಣಿತ ನಮಗೆ ಹತ್ತುವುದಿಲ್ಲ ಅಂತ ಆರ್ಟ್ಸ್‌ಗೆ ಬದಲಾಯಿಸಿಕೊಳ್ಳುತ್ತಾರೆ. ಆರ್ಟ್ಸ್ ಕಡಿಮೆ ಅಂತಲ್ಲ. ಇಷ್ಟಪಟ್ಟು ಹೋಗುವುದು ಬೇರೆ, ಹೆದರಿ ಹೋಗುವುದು ಬೇರೆ ಅಲ್ವಾ? ಹೊರೆ ಇಳಿಸಿದ್ದು ಯಾರಿಗೆ ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಶಿಕ್ಷಣ ಇಲಾಖೆಗೆ ನನ್ನ ಕೋರಿಕೆ ದೊಡ್ಡದಲ್ಲ. ನಮ್ಮ ರಾಜ್ಯದ ಪುಸ್ತಕದಲ್ಲಿ ವರ್ಗ ಪೂರ್ಣಗೊಳಿಸುವ ವಿಧಾನ ಇರಲಿ, ಚಿತ್ರದ ಸಮೇತ ಇರಲಿ. ಸೂತ್ರ ಅದರಿಂದಲೇ ಹುಟ್ಟಲಿ. ಹೆಸರು ಬದಲಿಸಿ ವರ್ಗ ಸಮೀಕರಣಕ್ಕೆ ಇಳಿಸುವ ಲೆಕ್ಕಗಳು ನಾಲ್ಕೈದಾದರೂ ಅಭ್ಯಾಸಕ್ಕೆ ಇರಲಿ, ಅದರಲ್ಲಿ ಮಹಾವೀರಾಚಾರ್ಯರದು ಒಂದಿರಲಿ. ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಇದಕ್ಕೆ ಒಂದು ಜಾಗ ಕೊಡಿ, ಆಯ್ಕೆಯ ಪ್ರಶ್ನೆಯಾದರೂ ಸಾಕು. ಪರೀಕ್ಷೆಗೆ ಬರುತ್ತದೆ ಅಂದರೆ ಪಾಠ ನಡೆಯುತ್ತದೆ. ಭಾರ ಇಳಿಸಲೇಬೇಕು ಅಂದರೆ ಒಂದೇ ನಮೂನೆಯ ಹತ್ತು ಹದಿನೈದು ಲೆಕ್ಕಗಳನ್ನು ಕಡಿಮೆ ಮಾಡಿ, ಯಾಕೆ ಅನ್ನುವುದನ್ನು ಕಡಿಮೆ ಮಾಡಬೇಡಿ.

ನಿಮ್ಮ ಓದುಗರ ಮನೆಯಲ್ಲಿ ಹತ್ತನೇ ತರಗತಿಯ ಮಕ್ಕಳಿದ್ದರೆ ಭಾಸ್ಕರಾಚಾರ್ಯರ ಈ ಲೆಕ್ಕವನ್ನು ಅವರಿಗೆ ಕೊಡಿ. ಕೋತಿಗಳ ಹಿಂಡಿನ 8ರಲ್ಲಿ ಒಂದು ಪಾಲಿನ ವರ್ಗದಷ್ಟು ಕಾಡಿನಲ್ಲಿ ಕುಣಿಯುತ್ತಿವೆ, ಉಳಿದ 12 ಗುಡ್ಡದ ಮೇಲೆ ಕಿರುಚುತ್ತಿವೆ. ಹಿಂಡಿನಲ್ಲಿ ಕೋತಿ ಎಷ್ಟು? ಸೂತ್ರ ಬೇಡ, ಮೂಲೆ ತುಂಬಿ ಬಿಡಿಸಲಿ. ಉತ್ತರ ಎರಡು ಬರಬೇಕು, ಎರಡನ್ನೂ ತಾಳೆ ನೋಡಲಿ.

ನಿವೃತ್ತ ಗಣಿತ ಶಿಕ್ಷಕಿ,
ಸೇಡಂ, ಕಲಬುರಗಿ ಜಿಲ್ಲೆ