ಅಪ್ಪನ ಹಾಡು ಹಾಡು ಅಂತ ಕೇಳ್ದೆ ಇದ್ದೋರಿಗೆಲ್ಲಾ ಥ್ಯಾಂಕ್ಸ್

ನಮ್ಮ ಕನ್ನಡ ರಾಕ್ ಆಲ್ಬಂ ರಿಲೀಸ್ ಆಗಿ ಇವತ್ತಿಗೆ ಹದಿನೆಂಟು ದಿನ. ಫೋನ್ ಮಾಡ್ದೋರಿಗೆ, ಮೆಸೇಜ್ ಹಾಕ್ದೋರಿಗೆ ಒಬ್ಬೊಬ್ರಿಗೂ ಉತ್ತರ ಬರೀಬೇಕು ಅಂತ ಮೂರು ರಾತ್ರಿ ಕೂತೆ, ಮುಗೀಲಿಲ್ಲ, ಅದಕ್ಕೇ ಎಲ್ಲಾರಿಗೂ ಒಟ್ಟಿಗೆ ಇಲ್ಲೇ ಬರೀತಿದೀನಿ. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಗೊತ್ತಿಲ್ದೆ ಇರೋರಿಗೆ ಹೇಳ್ಬೇಕು ಅಂದ್ರೆ ನಮ್ಮಪ್ಪ ಆರ್ಕೆಸ್ಟ್ರಾ ಸಿಂಗರ್. ಮಂಡ್ಯ, ಮದ್ದೂರು, ಮಳವಳ್ಳಿ, ಪಾಂಡವಪುರ, ಕೆ.ಆರ್. ಪೇಟೆ ಕಡೆ ಮೂವತ್ತು ವರ್ಷ ಗಣೇಶನ ಹಬ್ಬ, ರಾಜ್ಯೋತ್ಸವ, ಊರಬ್ಬ ಏನೇ ಇರ್ಲಿ ಅಪ್ಪನ ಟ್ರೂಪ್ ಇರ್ಬೇಕಿತ್ತು. ಅಣ್ಣಾವ್ರ ಹಾಡು ಎತ್ತಿದ್ರೆ ಸಾಕು, ಪೆಂಡಾಲಿನ ಹಿಂದೆ ಬೋಂಡ ಕರೀತಿದ್ದೋರೂ ಜಾಲರಿ ಕೆಳಗಿಟ್ಟು ಸ್ಟೇಜ್ ಕಡೆ ತಿರುಗ್ತಿದ್ರು, ಇದನ್ನ ನಾನು ಕಣ್ಣಾರೆ ನೋಡಿ ಬೆಳೆದವನು. ಬೆಂಗಳೂರಲ್ಲಿ ಅಪ್ಪ ಯಾರಿಗೂ ಗೊತ್ತಿಲ್ದೆ ಇರಬಹುದು, ಆದ್ರೆ ನಮ್ ಕಡೆ ಬಸ್ಸಲ್ಲಿ ಕಂಡಕ್ಟರ್ ಟಿಕೆಟ್ ದುಡ್ಡು ಬೇಡ ಅಂತಿದ್ರು. ಅಂಥೋರ ಮಗ ನಾನು. ಡಿಸ್ಟಾರ್ಷನ್ ಪೆಡಲ್ ಹಾಕ್ಕೊಂಡು ಕನ್ನಡದಲ್ಲಿ ರಾಕ್ ಮಾಡ್ತೀನಿ ಅಂತ ಹೊರಟಾಗಿಂದ ಯಾವ ಸ್ಟೇಜ್ ಹತ್ತಿದ್ರೂ ಮೂರನೇ ಹಾಡಿಗೆ ಕೆಳಗಿಂದ ಒಂದು ಕೂಗು ಬರೋದು, "ಅಪ್ಪನ ಹಾಡು ಒಂದು ಹೇಳಪ್ಪಾ". ಪ್ರೀತಿಯಿಂದಾನೇ ಕೇಳೋರು, ಅದ್ರಲ್ಲಿ ನಂಗೆ ಯಾವತ್ತೂ ಅನುಮಾನ ಇಲ್ಲ. ಆದ್ರೂ ಆ ಕೂಗು ಬಂದ ತಕ್ಷಣ ನನ್ನ ಕೈ ತಣ್ಣಗಾಗೋದು.

2021ರ ಮೇ ತಿಂಗಳಲ್ಲಿ ಅಪ್ಪ ಹೋದ್ರು. ಎರಡನೇ ಅಲೆ. ಅದರ ಬಗ್ಗೆ ಇಲ್ಲಿ ಜಾಸ್ತಿ ಬರಿಯಲ್ಲ, ಆ ವರ್ಷ ಯಾರ ಮನೆಯಲ್ಲಿ ಏನಾಯ್ತು ಅಂತ ನಿಮಗೆಲ್ಲಾ ಗೊತ್ತಿರೋದೇ. ತಿಂಗಳು ಕಳೆದ ಮೇಲೆ, ಗಿಟಾರ್ ಬ್ಯಾಗ್ ಜಿಪ್ಪೂ ತೆಗೀದೆ ಕೂತಿದ್ದಾಗ, ಡ್ರಮ್ಸ್ ಬಾರಿಸೋ ನನ್ನ ಗೆಳೆಯ ಒಂದು ವಿಡಿಯೋ ಕಳಿಸಿದ, ಜೊತೆಗೆ ಒಂದಕ್ಷರಾನೂ ಬರೀಲಿಲ್ಲ. ನನ್ನ ಮೊದಲ ಥ್ಯಾಂಕ್ಸ್ ಅವನಿಗೆ.

ಅದು ವುಲ್ಫ್‌ಗ್ಯಾಂಗ್ ವ್ಯಾನ್ ಹೇಲನ್ ಹಾಡು, ಹೆಸರು ಡಿಸ್ಟೆನ್ಸ್. ಗಿಟಾರ್ ಹಿಡಿದೋರಿಗೆ ಎಡ್ಡಿ ವ್ಯಾನ್ ಹೇಲನ್ ಯಾರು ಅಂತ ಹೇಳ್ಬೇಕಾಗಿಲ್ಲ. ಉಳಿದೋರಿಗೆ ಹೇಳ್ತೀನಿ. 1978ರಲ್ಲಿ ಗಿಟಾರಿಸ್ಟ್ ಎಡ್ಡಿ ಅವರ ವ್ಯಾನ್ ಹೇಲನ್ ಬ್ಯಾಂಡಿನ ಮೊದಲ ಆಲ್ಬಂ ಬಂತು, ಅದರಲ್ಲಿ ಎರಪ್ಷನ್ ಅಂತ ಎರಡು ನಿಮಿಷಾನೂ ಇಲ್ದಿರೋ ಒಂದು ಸೋಲೋ ಇದೆ, ಅದು ಬಂದ ಮೇಲೆ ಗಿಟಾರ್ ನುಡಿಸೋ ರೀತೀನೇ ಬದಲಾಗೋಯ್ತು, ಬಲಗೈ ಬೆರಳನ್ನೂ ಫ್ರೆಟ್ ಮೇಲೆ ಕುಟ್ಟೋ ಟ್ಯಾಪಿಂಗ್ ಜಗತ್ತಿಗೆಲ್ಲಾ ಹರಡಿದ್ದು ಅಲ್ಲಿಂದ. ಅಂಥೋರ ಒಬ್ಬನೇ ಮಗ ವುಲ್ಫ್‌ಗ್ಯಾಂಗ್, ಹುಟ್ಟಿದ್ದು 1991ರ ಮಾರ್ಚ್ 16, ಸಂಗೀತಗಾರ ವುಲ್ಫ್‌ಗ್ಯಾಂಗ್ ಮೊಜಾರ್ಟ್ ಹೆಸರೇ ಇಟ್ಟಿದ್ರು. ಹದಿನೈದು ವರ್ಷಕ್ಕೇ ಅಪ್ಪನ ಬ್ಯಾಂಡಲ್ಲಿ ಬೇಸ್ ಗಿಟಾರ್ ಹಿಡಿದ, ಮಗ ಅಂತ ಜಾಗ ಸಿಕ್ತು ಅಂತ ಜನ ಅವತ್ತಿಂದಾನೇ ಆಡ್ಕೊಂಡ್ರು.

ಆ ಹುಡುಗ ತನ್ನ ಮೊದಲ ಆಲ್ಬಂ ಮಾಡಿದ ರೀತಿ ನೋಡಿ. ಡ್ರಮ್ಸ್, ಬೇಸ್, ಎಲ್ಲಾ ಗಿಟಾರು, ಎಲ್ಲಾ ಹಾಡುಗಾರಿಕೆ ಒಬ್ಬನೇ. ರೆಕಾರ್ಡ್ ಮಾಡಿದ್ದು ಅಪ್ಪನ ಮನೆ ಸ್ಟುಡಿಯೋ 5150ರಲ್ಲಿ. 2015ರಲ್ಲೇ ಕೆಲಸ ಶುರುವಾಗಿ ಹಾಡುಗಳು ರೆಡಿಯಾಗಿದ್ರೂ ಅಪ್ಪನಿಗೆ ಕ್ಯಾನ್ಸರ್ ಅಂತ ಆಲ್ಬಂ ಬದಿಗಿಟ್ಟು ಅಪ್ಪನ ಜೊತೆಗೇ ಇದ್ದ. 2020ರ ಅಕ್ಟೋಬರ್ 6ಕ್ಕೆ ಎಡ್ಡಿ ಹೋದ್ರು, 65 ವರ್ಷ. ಮುಂದಿನ ತಿಂಗಳೇ ಈ ಡಿಸ್ಟೆನ್ಸ್ ಬಿಟ್ಟ. ಅದು ಅಪ್ಪ ಇದ್ದಾಗಲೇ, ಅಪ್ಪ ಇಲ್ದಿದ್ರೆ ನನ್ನ ಬದುಕು ಹೆಂಗಿರುತ್ತೆ ಅಂತ ಯೋಚಿಸ್ಕೊಂಡು ಬರೆದ ಹಾಡಂತೆ. ಹಾಡು ಬರೋ ಹೊತ್ತಿಗೆ ಅಪ್ಪ ಇರ್ತಾರೆ ಅಂದ್ಕೊಂಡಿದ್ದನಂತೆ. ವಿಡಿಯೋ ಪೂರ್ತಿ ಮನೇಲಿ ತೆಗೆದ ಹಳೇ ಕ್ಯಾಸೆಟ್ ದೃಶ್ಯಗಳು, ಮಗೂನ ಎತ್ಕೊಂಡ ಎಡ್ಡಿ, ಆಡಿಸ್ತಿರೋ ಎಡ್ಡಿ. ಕೊನೇಗೆ ಹಾಡು ನಿಂತ ಮೇಲೆ ಅಪ್ಪ ಮಗನಿಗೆ ಬಿಟ್ಟಿದ್ದ ಒಂದು ವಾಯ್ಸ್‌ಮೇಲ್ ಬರುತ್ತೆ. ಮಾತು ಅಷ್ಟೇ, ಗಿಟಾರ್ ಇಲ್ಲ.

ಅಲ್ಲಿ ನಾನು ಕುಸಿದೋದೆ. ಯಾಕಂದ್ರೆ ನಮ್ಮಪ್ಪನ ಹಾಡು ಬೇಕಾದಷ್ಟಿದೆ, ಯೂಟ್ಯೂಬಲ್ಲಿ ಯಾರ್ಯಾರೋ ಮೊಬೈಲಲ್ಲಿ ಹಿಡಿದು ಹಾಕಿರೋದೇ ನಲವತ್ತು ಚಿಲ್ಲರೆ ವಿಡಿಯೋ ಸಿಗುತ್ತೆ, ಎಲ್ಲದರಲ್ಲೂ ಬೇರೆಯೋರ ಹಾಡು ಹೇಳ್ತಿರೋ ಅಪ್ಪ. ಬರೀ ಮಾತಾಡಿರೋದು ಒಂದೂ ಇಲ್ಲ. ಅಪ್ಪ ವಾಟ್ಸಾಪಲ್ಲಿ ವಾಯ್ಸ್ ಕಳ್ಸೋರಲ್ಲ, ಫೋನ್ ಮಾಡಿ ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡೋರು.

ಅದೇ 2021ರ ಜೂನ್ 11ಕ್ಕೆ ವುಲ್ಫ್‌ಗ್ಯಾಂಗ್ ಆಲ್ಬಂ ಬಂತು, ಮ್ಯಾಮತ್ ಡಬ್ಲ್ಯುವಿಎಚ್. ಈ ಮ್ಯಾಮತ್ ಅನ್ನೋದು ಅಪ್ಪ, ದೊಡ್ಡಪ್ಪನ ಬ್ಯಾಂಡಿಗೆ ವ್ಯಾನ್ ಹೇಲನ್ ಅಂತ ಹೆಸರಿಡೋಕೆ ಮುಂಚೆ ಇದ್ದ ಹೆಸರು, ಅದನ್ನೇ ತಗೊಂಡಿದಾನೆ. ಹದಿನಾಲ್ಕು ಹಾಡು, ಕೊನೇಲಿ ಡಿಸ್ಟೆನ್ಸ್. ಮೊದಲ ಹಾಡು ಶುರುವಾಗೋದೇ ಟ್ಯಾಪಿಂಗ್‌ನಿಂದ, ಅಪ್ಪನಿಗೊಂದು ನಮಸ್ಕಾರ ಹಾಕಿ ಒಳಗೆ ಬಂದಂಗೆ, ಆಮೇಲೆ ಪೂರ್ತಿ ಅವನದೇ ದಾರಿ. ಸ್ಟೇಜಲ್ಲಿ ವ್ಯಾನ್ ಹೇಲನ್ ಹಾಡು ನುಡಿಸಲ್ಲ ಅಂತ ಕಡ್ಡಿ ಮುರಿದಂಗೆ ಹೇಳ್ದ. ಎಷ್ಟು ಜನ ಬೈದ್ರು! ಅಪ್ಪನ ಮೇಲೆ ಗೌರವ ಇಲ್ಲ ಅಂದ್ರು. ಅವನು ಜಗ್ಗಲಿಲ್ಲ, ತನ್ನ ಹಾಡಿಟ್ಕೊಂಡೇ ಗನ್ಸ್ ಎನ್ ರೋಸಸ್ ಅನ್ನೋ ದೊಡ್ಡ ಬ್ಯಾಂಡಿನ ಶೋಗಳಲ್ಲಿ ಅವರಿಗಿಂತ ಮುಂಚೆ ನುಡಿಸಿದ, ಡಿಸ್ಟೆನ್ಸಿಗೆ ಗ್ರ್ಯಾಮಿ ನಾಮಿನೇಷನ್ ಬಂತು. 2022ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಡ್ರಮ್ಮರ್ ಟೇಲರ್ ಹಾಕಿನ್ಸ್ ನೆನಪಿನ ಕಾರ್ಯಕ್ರಮಕ್ಕೆ ಅಪ್ಪನ ಹಾಡು ನುಡಿಸಿದ. ಅಬ್ಬಾ ಏನು ನುಡಿಸಿದ! ಒಂದೊಂದು ನೋಟೂ ಜಾಗದಲ್ಲಿ ಕೂತಿತ್ತು. ಬರಲ್ಲ ಅಂತ ನುಡಿಸ್ದೆ ಇದ್ದಿದ್ದಲ್ಲ ಅಂತ ಅವತ್ತು ಎಲ್ಲಾರಿಗೂ ಗೊತ್ತಾಯ್ತು. ನಂಗಂತೂ ಅದನ್ನ ನೋಡಿದ ಮೇಲೆ ಎದೆ ಮೇಲಿಂದ ಒಂದು ಕಲ್ಲು ಇಳೀತು. ಅಪ್ಪನ ಹಾಡು ಹಾಡ್ದೆ ಇರೋದು ಅಪ್ಪನ್ನ ಬಿಟ್ಟಂಗಲ್ಲ ಅಂತ ನಂಗೆ ಯಾರೂ ಅದುವರೆಗೂ ಹೇಳಿರ್ಲಿಲ್ಲ. ವುಲ್ಫ್‌ಗ್ಯಾಂಗ್ ಇದನ್ನ ಓದಲ್ಲ, ಕನ್ನಡ ಅವನಿಗೆ ಬರಲ್ಲ, ಆದ್ರೂ ಬರೀತೀನಿ, ಥ್ಯಾಂಕ್ಯೂ ತಮ್ಮಾ.

ಹಂಗೆ ಶುರುವಾಗಿದ್ದು ನಮ್ಮ ಆಲ್ಬಂ. ಎಂಟು ಹಾಡಿಗೆ ನಾಕು ವರ್ಷ. ಗಿಟಾರು, ಹಾಡು ಎಲ್ಲಾ ವಿಜಯನಗರದ ಬಾಡಿಗೆ ಮನೆ ರೂಮಲ್ಲೇ, ಕಿಟಕಿಗೆ ಹಾಸಿಗೆ ಒರಗಿಸಿ, ಪಕ್ಕದ ಮನೆ ಪ್ರೆಷರ್ ಕುಕ್ಕರ್ ವಿಷಲ್ ನಿಲ್ಲೋವರೆಗೂ ಕಾದು. ಕೆಳಗಿನ ಮನೆ ಆಂಟಿ, ಒಂದು ದಿನಾನೂ ಬಾಗಿಲು ತಟ್ಟಲಿಲ್ಲ ನೀವು, ನಿಮ್ಮ ಮಗಳ ಪಿಯುಸಿ ಪರೀಕ್ಷೆ ಇದ್ದಾಗಲೂ ಸಾಯಂಕಾಲ ಏಳರ ತನಕ ನುಡಿಸ್ಕೋ ಅಂದ್ರಿ. ನಿಮ್ಮ ಋಣ ದೊಡ್ಡದು. ಮಿಕ್ಸಿಂಗ್ ಮಾಡಿದ ಗೆಳೆಯ ಮೂರನೇ ಹಾಡನ್ನ ಹನ್ನೊಂದು ಸಲ ಮಾಡ್ದ, ಹನ್ನೊಂದನೇ ಸಲ ನಾನೇ ಸಾಕು ಅಂದೆ, ಅವನು ಇನ್ನೂ ಸ್ನೇರ್ ಡ್ರಮ್ ಸದ್ದು ಸರಿಯಿಲ್ಲ ಅಂತ ಕೂತ. ಒಂದು ಕಂಪನಿಯೋರು ಎರಡು ಹಾಡು ಅಪ್ಪನ ಹಿಟ್ ಹಾಡುಗಳ ರಾಕ್ ವರ್ಷನ್ ಮಾಡು, ಆಮೇಲೆ ನೋಡೋಣ ಅಂದಿದ್ರು, ಅವತ್ತು ಸಾಲ ತಲೆ ಮೇಲಿತ್ತು, ಒಪ್ಕೊಳ್ಳೋದ್ರಲ್ಲಿದ್ದೆ. ಅಕ್ಕ ತನ್ನ ಚೀಟಿ ದುಡ್ಡು ಎತ್ತಿ ತಂದು ಟೇಬಲ್ ಮೇಲಿಟ್ಟು "ನಿಂದೇ ಮಾಡು" ಅಂದ್ಳು. ಅಕ್ಕಾ, ಇದನ್ನ ಎದುರಿಗೆ ಹೇಳಕ್ಕಾಗಲ್ಲ ನಂಗೆ, ಇಲ್ಲಿ ಹೇಳ್ತಿದೀನಿ.

ರಿಲೀಸ್ ದಿನ ಮಂಡ್ಯದಿಂದ ಅಪ್ಪನ ಟ್ರೂಪಿನೋರು ಒಂದು ಟೆಂಪೋ ಮಾಡ್ಕೊಂಡು ಬಂದಿದ್ರು. ಎಲ್ಲಾ ವಯಸ್ಸಾದೋರು, ಕಾಂಗೋ ಬಾರಿಸ್ತಿದ್ದೋರಿಗೆ ಈಗ ಕಿವಿ ಮಂದ. ಮೂರನೇ ಹಾಡು ಮುಗೀತು, ನಾನು ಆ ಕೂಗಿಗೆ ಕಾಯ್ತಿದ್ದೆ. ಬರ್ಲಿಲ್ಲ. ಎಂಟೂ ಹಾಡು ಕೇಳಿದ್ರು, ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಅಪ್ಪನ ಹಾಡಿಗೆ ಸಾವಿರ ಸಲ ನುಡಿಸಿದ ಜನ ಅವರು, ಕೇಳೋ ಹಕ್ಕು ಯಾರಿಗಾದ್ರೂ ಇದ್ರೆ ಅವರಿಗೇ ಇತ್ತು. ಈ ಬರಹದ ತಲೆಬರಹ ಅವರಿಗೆ.

ಇನ್ನೊಂದು ವಿಷಯ. ಎಡ್ಡಿಯೂ ಸಂಗೀತಗಾರನ ಮಗನೇ, ಅವರಪ್ಪ ಯಾನ್ ವ್ಯಾನ್ ಹೇಲನ್ ಕ್ಲ್ಯಾರಿನೆಟ್, ಸ್ಯಾಕ್ಸೋಫೋನ್ ನುಡಿಸ್ತಿದ್ರು, 1962ರಲ್ಲಿ ನೆದರ್ಲೆಂಡ್ಸ್ ಬಿಟ್ಟು ಸಂಸಾರ ಕಟ್ಕೊಂಡು ಕ್ಯಾಲಿಫೋರ್ನಿಯಾಗೆ ಬಂದೋರು. 1982ರ ಡೈವರ್ ಡೌನ್ ಆಲ್ಬಮ್ಮಲ್ಲಿ ಮಕ್ಕಳು ಅಪ್ಪನ್ನ ಕರೆಸಿ ಒಂದು ಹಾಡಿಗೆ ಅವರ ಕೈಲೇ ಕ್ಲ್ಯಾರಿನೆಟ್ ನುಡಿಸಿದ್ರು. ಅದನ್ನ ಓದಿದಾಗೆಲ್ಲಾ, ನಮ್ಮಪ್ಪನ್ನ ಒಂದು ದಿನ ಮೈಕ್ ಮುಂದೆ ಕೂರಿಸಿ ಎರಡು ಸಾಲು ಹಾಡ್ಸಿದ್ರೆ, ಸುಮ್ನೆ ಮಾತಾಡ್ಸಿದ್ರೂ ಸಾಕಿತ್ತು ಅನ್ನಿಸೋದು.

ಪ್ರೋಗ್ರಾಮ್ ಮುಗಿದ ಮೇಲೆ ಟ್ರೂಪಿನ ಕೀಬೋರ್ಡ್ ಮಾಸ್ಟ್ರು ನನ್ನ ಪಕ್ಕಕ್ಕೆ ಕರೆದು ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಒಂದು ಕ್ಯಾಸೆಟ್ ಕೊಟ್ರು. ಟ್ರಯಲ್ ರೆಕಾರ್ಡಿಂಗ್, ಕಾರ್ಡ್ಸ್ ಮರೆತೋಗ್ಬಾರ್ದು ಅಂತ ಅವರೇ ಹಿಡಿದಿದ್ದು. ಟೇಪ್‌ರೆಕಾರ್ಡರ್ ಹುಡುಕೋಕೇ ಒಂದು ವಾರ ಆಯ್ತು. ಮೊದಲನೇ ಹಾಡಿನ ಮಧ್ಯದಲ್ಲಿ ಅಪ್ಪ ನಿಲ್ಲಿಸ್ತಾರೆ, "ಏಯ್ ತಡೀರಪ್ಪ" ಅಂತಾರೆ, ಆಮೇಲೆ ಬೇರೆ ಕಡೆ ತಿರುಗಿ, "ಬಂದ್ರೆ ಒಳೀಕ್ ಬಾ ಮಗಾ, ಇಲ್ಲಾಂದ್ರೆ ಆಚೆ ಆಟ ಆಡ್ಕೋ ಹೋಗು, ಬಾಗ್ಲಲ್ಲಿ ನಿಂತ್ಕಬ್ಯಾಡ." ಅಷ್ಟೇ. ಒಂದು ಬಾಗಿಲ ಸದ್ದು, ಮತ್ತೆ ಕಾಂಗೋ ಶುರು.

ಯಾರಿಗೆ ಹೇಳಿದ್ದು ಅಂತ ಮಾಸ್ಟ್ರಿಗೆ ನೆನಪಿಲ್ಲ, ನಂಗೂ ಇಲ್ಲ. ಮನೆಗೆ ತಗೊಂಡೋಗಿ ಅಮ್ಮಂಗೆ ಕೇಳಿಸ್ದೆ. ಅಮ್ಮ ಮೂರು ಸಲ ಹಾಕ್ಸಿ ಕೇಳಿದ್ರು. "ನೀನೇ ಅದು," ಅಂದ್ರು, "ನಿಮ್ಮಕ್ಕ ಆಗಿದ್ರೆ ಹೇಳೋಕೆ ಮುಂಚೇನೇ ಒಳಗೆ ಬಂದಿರೋಳು."