ತಾಳವಾದ್ಯ ಶಿಕ್ಷಕರಿಗೆ ಕಲಿಸುವ ತರಬೇತಿಯೂ ಬೇಕು

ಸಂಪಾದಕರಿಗೆ,

ಮಾನ್ಯರೇ,

ವಿಶ್ವವಿದ್ಯಾಲಯಗಳ ಸಂಗೀತ ವಿಭಾಗಗಳಿಗೆ ಮೃದಂಗ, ಮದ್ದಳೆ, ಚೆಂಡೆ ಮೊದಲಾದ ತಾಳವಾದ್ಯಗಳನ್ನು ಕಲಿಸಲು ಹೊಸದಾಗಿ ಸೇರುವ ಶಿಕ್ಷಕರಿಗೆ, ಕಲಿಸುವುದು ಹೇಗೆಂದು ಹೇಳಿಕೊಡುವ ಏರ್ಪಾಡು ನಾನು ಕಂಡಂತೆ ತೀರಾ ಕಡಿಮೆ. ಐದು ವರ್ಷಗಳಿಂದ ಮೃದಂಗ ಪಾಠ ಮಾಡುತ್ತಿರುವವನಾಗಿ, ಅದರಲ್ಲೂ ಯಕ್ಷಗಾನದ ಹಿಮ್ಮೇಳ ಕೇಳುತ್ತಲೇ ಬೆಳೆದ ಕಾಸರಗೋಡಿನವನಾಗಿ, ಈ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಮುಂದಿಡಬಯಸುತ್ತೇನೆ.

ನಾನು ಗುರುಗಳ ಮನೆಯಲ್ಲಿ ಹನ್ನೊಂದು ವರ್ಷ ಪಾಠ ಹೇಳಿಸಿಕೊಂಡವನು. ಅಲ್ಲಿ ಒಂದು ಹೊತ್ತಿಗೆ ಒಬ್ಬರು, ಹೆಚ್ಚೆಂದರೆ ಇಬ್ಬರು ಅವರ ಎದುರು ಕೂರುತ್ತಿದ್ದೆವು. ಅವರ ಕಿವಿ ತಪ್ಪಿಸಿ ಬೆರಳಿನ ಒಂದು ಹೊಡೆತ ಕೂಡ ದಾಟುತ್ತಿರಲಿಲ್ಲ. ಹಾಗೆ ಕಲಿತವನು ಊರಿನಿಂದ ದೂರದ ವಿಶ್ವವಿದ್ಯಾಲಯವೊಂದರಲ್ಲಿ ಮೊದಲ ದಿನ ತರಗತಿಗೆ ಹೋದಾಗ ಎದುರಿಗಿದ್ದವರು ಹದಿನಾಲ್ಕು ಮಂದಿ, ಅಲ್ಲಿದ್ದ ಮೃದಂಗಗಳು ಆರು, ಆ ಆರಕ್ಕೂ ಬೇರೆ ಬೇರೆ ಶ್ರುತಿ. ಆರು ಮಂದಿ ಒಟ್ಟಿಗೆ ‘ತ ಧಿ ತೊಂ ನಂ’ ಬಾರಿಸತೊಡಗಿದರೆ ತಪ್ಪಿದ ಬೆರಳು ಯಾರದೆಂದು ಗುರುತಿಸಲು ನನ್ನಿಂದ ಆಗಲಿಲ್ಲ, ಉಳಿದ ಎಂಟು ಮಂದಿ ಆ ಹೊತ್ತಿನಲ್ಲಿ ಏನು ಮಾಡಬೇಕೆಂಬುದೂ ಹೊಳೆಯಲಿಲ್ಲ. ಆ ತರಗತಿಯಲ್ಲಿ ಎಡಗೈ ಬಳಕೆಯ ಒಬ್ಬ ವಿದ್ಯಾರ್ಥಿನಿ ಇದ್ದಳು. ಕರಣೆ (ನಡುವಿನ ಕಪ್ಪು ಲೇಪ) ಇರುವ ಚರ್ಮದ ಮುಚ್ಚಿಗೆಯನ್ನು ಬಲಗೈಯಲ್ಲೇ ನುಡಿಸಬೇಕೆಂದು ನಾನು ಮೂರು ವಾರ ಹಟ ಹಿಡಿದೆ. ನಾಲ್ಕನೆಯ ವಾರ ಆಕೆ ಬರುವುದನ್ನೇ ನಿಲ್ಲಿಸಿದಳು. ಮೃದಂಗವನ್ನು ತಿರುಗಿಸಿಟ್ಟು, ಕನ್ನಡಿಯ ಮುಂದೆ ಕೂತಂತೆ ನಾನು ಆಕೆಯ ಎದುರು ಕೂತು ಪಾಠ ಮಾಡಬಹುದಿತ್ತು ಎಂದು ಹಿರಿಯ ವಿದ್ವಾಂಸರೊಬ್ಬರು ಹೇಳಿದ್ದು ಎರಡು ವರ್ಷಗಳ ಬಳಿಕ, ಅದೂ ರೈಲಿನಲ್ಲಿ ಆಕಸ್ಮಿಕವಾಗಿ ಸಿಕ್ಕಿದಾಗ. ಒಬ್ಬ ವಿದ್ಯಾರ್ಥಿನಿಯನ್ನು ಕಳೆದುಕೊಂಡ ಆ ತಪ್ಪು ಇಂದಿಗೂ ನನ್ನನ್ನು ಕಾಡುತ್ತದೆ.

ನೇಮಕಾತಿಯ ನಿಯಮಗಳಲ್ಲಿ ಕಲಿಸುವ ಸಾಮರ್ಥ್ಯದ ಅಂಶ ಮರೆತುಹೋಗಿದೆ ಎನ್ನುವಂತಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಸಂಗೀತ ವಿಭಾಗಗಳಿಗೆ ಪದವಿ ಇರುವ ವೃತ್ತಿಕಲಾವಿದರನ್ನೂ ಸಹಾಯಕ ಪ್ರಾಧ್ಯಾಪಕರನ್ನಾಗಿ ತೆಗೆದುಕೊಳ್ಳಲು ಅವಕಾಶ ಕೊಟ್ಟಿದೆ. ಹೆಸರಾಂತ ಗುರುಗಳಲ್ಲಿ ಕಲಿತಿರಬೇಕು, ಆಕಾಶವಾಣಿ ಅಥವಾ ದೂರದರ್ಶನದ ‘ಎ’ ಶ್ರೇಣಿ ಇರಬೇಕು ಎಂಬುದರ ಜೊತೆಗೆ, ವಿಷಯವನ್ನು ತರ್ಕಬದ್ಧವಾಗಿ ವಿವರಿಸುವ ಸಾಮರ್ಥ್ಯವೂ, ಶಾಸ್ತ್ರಭಾಗವನ್ನು ಉದಾಹರಣೆ ಸಹಿತ ಕಲಿಸುವಷ್ಟು ತಿಳಿವಳಿಕೆಯೂ ಇರಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಮೊದಲಿನ ಎರಡಕ್ಕೆ ಪ್ರಮಾಣಪತ್ರ ತೋರಿಸಬಹುದು. ಕೊನೆಯ ಎರಡು ಬರುವುದು ಅಭ್ಯಾಸದಿಂದ, ಆ ಅಭ್ಯಾಸಕ್ಕೆ ಬೇಕಾದ ಜಾಗವನ್ನು ಯಾರೂ ಒದಗಿಸುತ್ತಿಲ್ಲ.

ಬಡ್ತಿಗೆ ಅಗತ್ಯವಾದ 21 ದಿನಗಳ ಓರಿಯೆಂಟೇಶನ್ ತರಬೇತಿ ಇದೆಯಲ್ಲ ಎಂದು ಕೇಳಬಹುದು. ಗುತ್ತಿಗೆಯ ಮೇಲಿದ್ದ ಮೊದಲ ಮೂರು ವರ್ಷ ನನ್ನನ್ನು ಅದಕ್ಕೆ ಕಳುಹಿಸಲಿಲ್ಲ, ನಾಲ್ಕನೆಯ ವರ್ಷ ಹೋಗಿಬಂದೆ. ರಸಾಯನಶಾಸ್ತ್ರ, ವಾಣಿಜ್ಯ, ಇತಿಹಾಸದ ಅಧ್ಯಾಪಕರ ಜೊತೆ ಕೂತು ಕೇಳಿದ ಹಲವು ಉಪನ್ಯಾಸಗಳಿಂದ ನನಗೆ ಲಾಭವಾಗಿದೆ, ಅದನ್ನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಆದರೆ ಮೃದಂಗದ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಬ್ಬನ ನಾದ ಶುದ್ಧವಾಗಿದ್ದು ಲಯ ಓಡುತ್ತಿದ್ದರೆ, ಇನ್ನೊಬ್ಬನ ಲಯ ಗಟ್ಟಿಯಾಗಿದ್ದು ಎಡಬದಿಯ ಗುಂಯ್‌ಗುಡುವ ನಾದವಾದ ಗುಮಕಿಯೇ ಏಳದಿದ್ದರೆ ಯಾರಿಗೆ ಎಷ್ಟು ಅಂಕ ಕೊಡಬೇಕು, ತನಿ ಆವರ್ತನ (ತಾಳವಾದ್ಯದ ಒಂಟಿ ನುಡಿಸಾಣಿಕೆ) ಸೊಗಸಾಗಿ ನುಡಿಸಿ ಹಾಡಿನ ಹಿಂದೆ ಹೋಗಲಾರದವನನ್ನು ಹೇಗೆ ಅಳೆಯಬೇಕು ಎಂಬುದನ್ನು ಅಲ್ಲಿ ಯಾರಲ್ಲಿ ಕೇಳಲಿ? ಈಗ ಪ್ರತಿಯೊಂದು ಕೋರ್ಸಿಗೂ ಕಲಿಕಾ ಫಲಿತಗಳನ್ನು, ಅಂದರೆ ವಿದ್ಯಾರ್ಥಿ ಕೊನೆಗೆ ಏನು ಕಲಿತಿರಬೇಕೆಂಬುದನ್ನು, ಬರೆದುಕೊಡಬೇಕು. ಹೊಸಬರು ಬೇರೆ ವಿಭಾಗದವರು ಬರೆದದ್ದನ್ನೇ ಸ್ವಲ್ಪ ತಿದ್ದಿ ಕೊಡುತ್ತಿದ್ದಾರೆ, ನಾನೂ ಕೊಟ್ಟಿದ್ದೇನೆ.

ಹೊಸ ಶಿಕ್ಷಕನಿಗೆ ನಿಜವಾಗಿ ಬೇಕಾಗುವುದು ಅನುಭವಸ್ಥರ ತರಗತಿಯ ಮೂಲೆಯಲ್ಲಿ ಕೂತು ನೋಡುವ ಅವಕಾಶ, ಆಮೇಲೆ ಅವರೇ ತನ್ನ ತರಗತಿಗೆ ಬಂದು ಕೂತು ತಿದ್ದುವ ವ್ಯವಸ್ಥೆ. 1930ರಲ್ಲಿ ಸ್ಥಾಪನೆಯಾದ ಕೇರಳ ಕಲಾಮಂಡಲಂ ಈಗ ವಿಶ್ವವಿದ್ಯಾಲಯದ ಮಾನ್ಯತೆ ಪಡೆದಿದ್ದರೂ ಅಲ್ಲಿಯ ಕಳರಿಗಳ (ಅಭ್ಯಾಸದ ಕೋಣೆಗಳ) ಕ್ರಮ ಗಮನಿಸುವಂಥದ್ದು: ಚೆಂಡೆಯ ವಿದ್ಯಾರ್ಥಿಗಳು ಮೊದಲು ಹುಣಸೆಯ ಕೋಲು ಹಿಡಿದು ಕಲ್ಲಿನ ಮೇಲೋ ಮರದ ಮೇಲೋ ಸಾಧಕ ಮಾಡುತ್ತಾರೆ, ಕೈ ಕೂತ ಮೇಲೆ ಚೆಂಡೆಗೆ ಬರುತ್ತಾರೆ. ವಾದ್ಯ ಸಾಲದಿದ್ದಾಗಲೂ ಗುಂಪಿಗೆ ಪಾಠ ಮಾಡುವ ಉಪಾಯ ಅದರಲ್ಲಿಯೇ ಇದೆ. ಆರು ಮೃದಂಗಗಳಷ್ಟೇ ಇರುವ ತರಗತಿಯಲ್ಲಿ ಎಂಟು ಮಂದಿ ಕೈಯಲ್ಲಿ ತಾಳ ಹಾಕುತ್ತ ‘ತ ಧಿ ತೊಂ ನಂ’ನಂಥ ಸೊಲ್ಲುಗಳನ್ನು ಬಾಯಲ್ಲಿ ಹೇಳಬಹುದು. ಬಾಯಿಗೆ ಬಂದ ಸೊಲ್ಲು ಬೆರಳಿಗೆ ಬರಲು ತಡವಾಗುವುದಿಲ್ಲ. ಇದು ನನಗೆ ಹೊಳೆದದ್ದು ಎರಡನೆಯ ವರ್ಷದ ಕೊನೆಗೆ. ಯಾರಾದರೂ ಹೇಳಿದ್ದರೆ ಮೊದಲ ವಾರವೇ ತಿಳಿಯುತ್ತಿತ್ತು.

ಆರೋಗ್ಯದ ವಿಷಯವನ್ನಂತೂ ಯಾರೂ ಎತ್ತುವುದೇ ಇಲ್ಲ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ ಎಂಬುದು ಶ್ರವಣ ರಕ್ಷಣೆಯಲ್ಲಿ ಬಳಸುವ ಲೆಕ್ಕ. ಆ ಲೆಕ್ಕದಂತೆ 100 ಡೆಸಿಬೆಲ್ ಆದರೆ ಹದಿನೈದೇ ನಿಮಿಷ. ಬಯಲಿಗೆಂದು ಹುಟ್ಟಿದ ಚೆಂಡೆಯನ್ನು ನಾಲ್ಕು ಗೋಡೆಗಳ ಕೋಣೆಯಲ್ಲಿ ದಿನಕ್ಕೆ ನಾಲ್ಕು ತಾಸು ಕಲಿಸುವ ಯುವ ಶಿಕ್ಷಕರ ಕಿವಿ ಏನಾಗಬೇಕು? ಮಣಿಕಟ್ಟಿನ ನೋವನ್ನು ಸಾಧನೆಯ ಗುರುತೆಂದು ಸಹಿಸಿಕೊಳ್ಳುವವರನ್ನು ನಾನು ಬಲ್ಲೆ. ಯಾವ ನೋವಿಗೆ ಎಣ್ಣೆ ಸಾಕು, ಯಾವುದಕ್ಕೆ ವೈದ್ಯರೇ ಬೇಕು ಎಂಬುದನ್ನಾದರೂ ತಿಳಿಸಿಕೊಡಬೇಕು.

ಇನ್ನು ನಮ್ಮ ಕಾಸರಗೋಡಿನ ಮಾತು. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಈ ನೆಲದಿಂದ ಸಂಗೀತ ಪದವಿಗೆ ಹೋಗುವ ಮಕ್ಕಳಲ್ಲಿ ಕೆಲವರಾದರೂ ಮದ್ದಳೆ, ಚೆಂಡೆ ಹಿಡಿದೇ ಬಂದವರು. ನಮ್ಮ ಕಡೆಯಿಂದ ಬಂದ ಹುಡುಗನೊಬ್ಬ ಏಳು ಅಕ್ಷರಗಳ ಮಿಶ್ರ ಚಾಪು ತಾಳ ಎಂದಾಗ ಕಣ್ಣು ಕಣ್ಣು ಬಿಡುತ್ತಿದ್ದ. ‘ತಕಿಟ ತಕಧಿಮಿ’ ಎಂದು ಹೇಳಿಕೊಟ್ಟರೂ ಮೂರನೆಯ ಆವರ್ತಕ್ಕೆ ತಪ್ಪುತ್ತಿದ್ದ. ಒಂದು ದಿನ ನಾನು ಸುಮ್ಮನೆ, ‘ನೀನು ಯಕ್ಷಗಾನದ ಆಟದಲ್ಲಿ ಬಾರಿಸುವ ತ್ರಿವುಡೆ ತಾಳಕ್ಕೆ ಎಷ್ಟು ಅಕ್ಷರ ಮಾರಾಯ?’ ಎಂದು ಕೇಳಿದೆ. ಬೆರಳು ಮಡಚಿ ಎಣಿಸಿ ‘ಏಳು’ ಎಂದವನು ಒಂದು ಕ್ಷಣ ಸುಮ್ಮನಾದ; ಮತ್ತೆ ಮೃದಂಗ ಎಳೆದುಕೊಂಡು ಏಳು ಆವರ್ತ ತಪ್ಪದೆ ನುಡಿಸಿದ. ಎರಡರ ನಡೆ ಬೇರೆ, ಮುಕ್ತಾಯಗಳ ರೀತಿಯೂ ಬೇರೆ ಎಂಬುದು ನಿಜ. ಆದರೂ ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಸೇತುವೆ ಕಟ್ಟಲು ಎರಡೂ ಪರಂಪರೆಗಳ ಪರಿಚಯ ಶಿಕ್ಷಕನಿಗಿರಬೇಕು. ನನಗಿದ್ದುದು ನಾನು ಈ ಊರಿನವನಾದ್ದರಿಂದ. ಬೇರೆ ಊರಿನ ಶಿಕ್ಷಕನ ಕೈಯಲ್ಲಿ ಆ ಹುಡುಗ ದಡ್ಡನೆನಿಸಿಕೊಳ್ಳುತ್ತಿದ್ದ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ಕನ್ನಡದಲ್ಲಿ ಕಲಿಯುವ ಅವಕಾಶಗಳ ಬಗ್ಗೆ ಇಲ್ಲಿ ಬಹಳ ಹೋರಾಟ ನಡೆದಿದೆ. ಮಗುವಿನ ತಾಳಭಾಷೆಯೂ ಆ ಕನ್ನಡದೊಳಗೇ ಬರುತ್ತದೆಂದು ನಾನು ನಂಬಿದ್ದೇನೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಕಣ್ಣೂರು ವಿಶ್ವವಿದ್ಯಾಲಯ, ಕೇರಳ ಕಲಾಮಂಡಲಂ, ಮಂಗಳೂರು ವಿಶ್ವವಿದ್ಯಾಲಯದ ಯಕ್ಷಗಾನ ಅಧ್ಯಯನ ಕೇಂದ್ರ ಮತ್ತು ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ಕೈಜೋಡಿಸಿ, ಕೆಲಸಕ್ಕೆ ಸೇರಿ ಐದು ವರ್ಷ ತುಂಬದ ತಾಳವಾದ್ಯ ಶಿಕ್ಷಕರಿಗೆ ವರ್ಷಕ್ಕೊಮ್ಮೆ ಹತ್ತು ದಿನಗಳ ಶಿಬಿರವನ್ನು ಕಾಸರಗೋಡಿನಲ್ಲಿ ನಡೆಸಲಿ. ಮೇ ಕೊನೆಯ ಹೊತ್ತಿಗೆ ಬರುವ, ತುಳು ಪಂಚಾಂಗದ ಪತ್ತನಾಜೆ ಕಳೆದ ಮೇಲೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವುದರಿಂದ ಹಿಮ್ಮೇಳದ ಹಿರಿಯರು ಆಗ ಬಿಡುವಾಗಿರುತ್ತಾರೆ, ಕಾಲೇಜುಗಳಿಗೂ ಅದು ಅನುಕೂಲದ ಕಾಲ. ಮಳೆ ಹಿಡಿಯುವ ಮೊದಲೇ ಮುಗಿಸಿದರೆ ಚರ್ಮ ಸಡಿಲವಾಗುವ ತೊಂದರೆಯೂ ಇಲ್ಲ. ಊರಿನ ಮಕ್ಕಳೇ ವಿದ್ಯಾರ್ಥಿಗಳಾಗಿ ಕೂರಲಿ. ಯುವ ಶಿಕ್ಷಕರು ಬೆಳಿಗ್ಗೆ ಅವರಿಗೆ ಪಾಠ ಮಾಡಲಿ, ಮಧ್ಯಾಹ್ನ ಹಿರಿಯರು ಆ ಪಾಠವನ್ನು ತಿದ್ದಲಿ. ಈ ಹತ್ತು ದಿನಗಳನ್ನು ಬಡ್ತಿಯ ತರಬೇತಿಯ ಲೆಕ್ಕಕ್ಕೆ ಹಿಡಿಯಬೇಕು, ಗುತ್ತಿಗೆಯ ಮತ್ತು ಅತಿಥಿ ಉಪನ್ಯಾಸಕರನ್ನು ಹೊರಗಿಡಬಾರದು. ಬರುವ ಪತ್ತನಾಜೆಗೆ ಇನ್ನೂ ಸಮಯವಿದೆ. ಸಂಬಂಧಪಟ್ಟ ವಿಭಾಗಗಳ ಮುಖ್ಯಸ್ಥರು ಅದಕ್ಕೆ ಮೊದಲು ಒಮ್ಮೆ ಸಭೆ ಸೇರಬೇಕೆಂದು ವಿನಂತಿಸುತ್ತೇನೆ.

ಇತಿ,
ಮೃದಂಗ ಶಿಕ್ಷಕ
ಪೆರ್ಲ, ಕಾಸರಗೋಡು ಜಿಲ್ಲೆ