ಸಿಂಕ್ ಆದೇಶದಿಂದ ಅಳಿದುಹೋದ 214 ಫೈಲ್‌ಗಳನ್ನು ಮರಳಿಸುವಂತೆ ಕೋರಿ ದೂರು

ಸ್ಥಳ: ಮಾಟುಂಗಾ, ಮುಂಬಯಿ

ಕುಂದುಕೊರತೆ ಅಧಿಕಾರಿಗಳಿಗೆ,
ಕ್ಲೌಡ್ ಸಂಗ್ರಹ ಸೇವಾ ವಿಭಾಗ

ಮಾನ್ಯರೇ,

ಮುಂಬಯಿಯ ನಮ್ಮ ಕನ್ನಡ ಸಂಘವು ಮೂರು ವರ್ಷಗಳಿಂದ ತಮ್ಮ 2 ಟೆರಾಬೈಟ್ ಯೋಜನೆಗೆ ವಾರ್ಷಿಕ ಶುಲ್ಕ ಕಟ್ಟುತ್ತ ಬಂದಿದೆ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಬಂದು ಓದಿದ ಹುಡುಗರ ಫೋಟೊಗಳು, ಆ ಶಾಲೆಗಳ ಹಾಜರಿ ಪುಸ್ತಕಗಳು, ತಾಳಮದ್ದಳೆಯ ಧ್ವನಿಮುದ್ರಣಗಳು ಅಲ್ಲಿವೆ. ತಮ್ಮ ಸಹಾಯ ವಿಭಾಗವು ಲಿಖಿತವಾಗಿ ಕೊಟ್ಟ ಸಲಹೆಯಂತೆ ನಡೆದುದರಿಂದ ಇವುಗಳ ಪೈಕಿ 214 ಫೈಲ್‌ಗಳನ್ನು ನಾವು ಕಳೆದುಕೊಂಡಿದ್ದೇವೆ.

ಸಂಘದ ಕಚೇರಿಯಲ್ಲಿರುವುದು ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಕಿದ ಒಂದು ಕಂಪ್ಯೂಟರ್. ತಮ್ಮ ಮಾರ್ಗದರ್ಶಿಯಲ್ಲಿ ಹೇಳಿರುವಂತೆಯೇ ದೂರದ ಸರ್ವರಿನ ಫೈಲ್‌ಗಳನ್ನು ಬಳಸಲು ಇರುವ ವೆಬ್‌ಡ್ಯಾವ್ ಎಂಬ ಸಂಪರ್ಕ ವಿಧಾನದ ಮೂಲಕ, ಕ್ಲೌಡಿನ ಫೈಲ್‌ಗಳನ್ನು ನಿರ್ವಹಿಸುವ ಆರ್‌ಕ್ಲೋನ್ ತಂತ್ರಾಂಶವನ್ನು ಜೋಡಿಸಿ, ಟರ್ಮಿನಲ್‌ನಲ್ಲಿ ಮೌಂಟ್ ಆದೇಶ ಕೊಟ್ಟು, ತಮ್ಮ ಸಂಗ್ರಹವನ್ನು ನಮ್ಮದೇ ಡಿಸ್ಕಿನ ಫೋಲ್ಡರಿನಂತೆ ತೆರೆದು ಕೆಲಸ ಮಾಡುತ್ತಿದ್ದೆವು. ಕಳೆದ ತಿಂಗಳು ನಮ್ಮ ಸೂಚಿಪಟ್ಟಿಯಿಂದ ಕೆಲವು ಫೈಲ್‌ಗಳು ತೆರೆಯದಾದವು. ‘ನಾಟಕ’, ‘ಯಕ್ಷಗಾನ’ ಎಂಬ ಫೋಲ್ಡರುಗಳು ತೆರೆಯುತ್ತಿದ್ದವು; ‘ವಾರ್ಷಿಕೋತ್ಸವ’ ಎಂದರೆ ಮಾತ್ರ ಅಂತಹ ಫೋಲ್ಡರೇ ಇಲ್ಲ ಎಂಬ ಉತ್ತರ ಬರುತ್ತಿತ್ತು, ಕಣ್ಣೆದುರಿಗೆ ಅದೇ ಹೆಸರು ಕಾಣುತ್ತಿದ್ದರೂ.

ನಾವು ಕೊಟ್ಟ ಹೆಸರು, ಸರ್ವರ್ ತೋರಿಸಿದ ಹೆಸರು, ಈ ಎರಡರ ಬೈಟ್‌ಗಳನ್ನು (ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಸಂಖ್ಯೆಗಳನ್ನು) ಪಕ್ಕಪಕ್ಕ ಇಟ್ಟು ನೋಡಿದಾಗ ಕಾರಣ ತಿಳಿಯಿತು. ನಾವು ಕಳುಹಿಸಿದ ಹೆಸರಿನಲ್ಲಿ ‘ಕೋ’ ಅಕ್ಷರದ ಓಕಾರವು ಒಂದೇ ಚಿಹ್ನೆಯಾಗಿ 3 ಬೈಟ್‌ಗಳಲ್ಲಿತ್ತು. ತಮ್ಮ ಸರ್ವರ್ ಹಿಂತಿರುಗಿಸಿದ ಹೆಸರಿನಲ್ಲಿ ಅದೇ ಓಕಾರವು ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ತುಂಡಾಗಿ 9 ಬೈಟ್‌ಗಳಾಗಿತ್ತು. ಅಕ್ಷರಗಳಿಗೆ ಸಂಕೇತ ಗೊತ್ತುಪಡಿಸುವ ಯೂನಿಕೋಡ್ ಮಾನದಂಡದ ಪ್ರಕಾರ ಇವೆರಡೂ ಸಮಾನ ರೂಪಗಳೇ ಹೌದು, ಆದರೆ ಲಿನಕ್ಸ್ ಫೈಲ್ ಹೆಸರನ್ನು ಬೈಟ್‌ಗಳಿಂದಲೇ ಗುರುತಿಸುವುದರಿಂದ ಅದಕ್ಕೆ ಅವು ಬೇರೆ ಬೇರೆ ಹೆಸರುಗಳು. ಕನ್ನಡದಲ್ಲಿ ‘ೀ’, ‘ೇ’, ‘ೈ’, ‘ೊ’, ‘ೋ’ ಇರುವ ಪ್ರತಿಯೊಂದು ಹೆಸರಿಗೂ ಇದೇ ಗತಿ. ಕೊಟ್ಟ ಹೆಸರನ್ನು ಕೊಟ್ಟಂತೆಯೇ ಇಟ್ಟುಕೊಳ್ಳದೆ ಒಡೆದಿಟ್ಟದ್ದು ತಮ್ಮ ಸರ್ವರ್.

ಇಷ್ಟನ್ನೂ ವಿವರಿಸಿ ತಮ್ಮ ಸಹಾಯ ವಿಭಾಗಕ್ಕೆ ಬರೆದೆವು. ಬಂದ ಉತ್ತರದಲ್ಲಿ ಎರಡು ಮಾತುಗಳಿದ್ದವು: ಇನ್ನು ಮುಂದೆ ಇಂಗ್ಲಿಷ್ ಹೆಸರುಗಳನ್ನೇ ಇಡಿ, ಕಾಣೆಯಾದ ಫೈಲ್‌ಗಳಿಗಾಗಿ ನಿಮ್ಮ ಡಿಸ್ಕಿನಿಂದ ಕ್ಲೌಡಿಗೆ ಸಿಂಕ್ ಆದೇಶ ಕೊಡಿ. ಮೊದಲನೆಯ ಮಾತು ನಮ್ಮನ್ನು ನೋಯಿಸಿತು. ಈ ಊರಿನಲ್ಲಿ ಕನ್ನಡ ಅಕ್ಷರ ಕಲಿಯಲೆಂದು ದಣಿದ ಮೈಯಲ್ಲಿ ರಾತ್ರಿ ಶಾಲೆಗೆ ನಡೆದು ಬಂದವರ ದಾಖಲೆಗೆ ಕನ್ನಡದಲ್ಲಿ ಹೆಸರಿಡಬಾರದು ಎಂಬುದನ್ನು ನಾವು ಒಪ್ಪಲಾರೆವು. ಎರಡನೆಯ ಮಾತು ನಷ್ಟಕ್ಕೆ ದಾರಿಯಾಯಿತು.

ಆರ್‌ಕ್ಲೋನ್‌ನ ಸಿಂಕ್ ಆದೇಶವು ಗುರಿಯನ್ನು ಮೂಲದಂತೆಯೇ ಮಾಡುತ್ತದೆ. ಮೂಲದಲ್ಲಿಲ್ಲದ್ದನ್ನು ಗುರಿಯಿಂದ ಅಳಿಸುತ್ತದೆ. ಪುಣೆ ಮತ್ತು ಪಣಜಿಯ ಸದಸ್ಯರು ತಮ್ಮ ಮೊಬೈಲಿನಿಂದ ನೇರವಾಗಿ ಕ್ಲೌಡಿಗೆ ಏರಿಸಿದ್ದ ಫೋಟೊಗಳು ನಮ್ಮ ಡಿಸ್ಕಿನಲ್ಲಿರಲಿಲ್ಲ. ಅವುಗಳಿಗೆ ಏನಾದೀತು ಎಂದು ನಾವು ಮೊದಲೇ ಬರೆದು ಕೇಳಿದ್ದೆವು. ಏನೂ ಆಗದು, ಒಂದು ವೇಳೆ ಅಳಿದರೂ 30 ದಿನ ಕಸದಬುಟ್ಟಿಯಲ್ಲಿರುತ್ತವೆ ಎಂದು ತಮ್ಮವರು ಉತ್ತರಿಸಿದರು. ಆದೇಶ ಮುಗಿಯುವ ಹೊತ್ತಿಗೆ 214 ಫೈಲ್‌ಗಳು ಹೋಗಿದ್ದವು, ಕಸದಬುಟ್ಟಿ ಖಾಲಿಯಿತ್ತು. ವೆಬ್‌ಡ್ಯಾವ್ ಮೂಲಕ ಅಳಿಸಿದ್ದು ಕಸದಬುಟ್ಟಿಗೆ ಬರುವುದಿಲ್ಲ ಎಂದು ಆಮೇಲೆ ತಿಳಿಸಿದರು.

ಡ್ರೈ-ರನ್, ಅಂದರೆ ಏನನ್ನೂ ಬದಲಿಸದೆ ಏನಾಗುವುದೆಂದು ಮಾತ್ರ ತೋರಿಸುವ ಪರೀಕ್ಷೆ, ಮಾಡಿ ನೋಡದೆ ಆದೇಶ ಕೊಟ್ಟದ್ದು ನಮ್ಮ ತಪ್ಪು, ಅದನ್ನು ಮರೆಮಾಚುವುದಿಲ್ಲ. ಆದರೆ ಸಿಂಕ್‌ನಿಂದ ದತ್ತಾಂಶ ನಷ್ಟವಾಗಬಹುದು, ಮೊದಲು ಡ್ರೈ-ರನ್ ಮಾಡಿ ಎಂದು ಆರ್‌ಕ್ಲೋನ್‌ನ ಸ್ವಂತ ಕೈಪಿಡಿ ಎಚ್ಚರಿಸುವಾಗ, ತಮ್ಮ ಮಾರ್ಗದರ್ಶಿಯಲ್ಲಿ ಆ ಎಚ್ಚರಿಕೆಯ ಸುಳಿವೂ ಇಲ್ಲ. ನಮ್ಮ ಕೆಲಸಕ್ಕೆ ಬೇಕಿದ್ದುದು ಏನನ್ನೂ ಅಳಿಸದ ಕಾಪಿ ಆದೇಶ.

ಹೋದವುಗಳಲ್ಲಿ ಒಂದು ಫೋಟೊ: ಬೆಂಚುಗಳ ಮೇಲೆ ಹನ್ನೊಂದು ಹುಡುಗರು, ಹಿಂಬದಿಯಲ್ಲಿ ಪೆನ್ಸಿಲಿನಿಂದ ಅವರ ಹೆಸರು ಮತ್ತು ಊರು. ಮೂಲ ಪ್ರತಿಯು ಮಳೆಗಾಲದ ತೇವಕ್ಕೆ ಅಂಟಿಕೊಂಡು ಹಾಳಾಯಿತು. ಆ ಹೆಸರುಗಳು ಈಗ ಬೇರೆಲ್ಲಿಯೂ ಇಲ್ಲ.

ಆದ್ದರಿಂದ ತಮ್ಮ ಬ್ಯಾಕಪ್‌ನಿಂದ ಈ 214 ಫೈಲ್‌ಗಳನ್ನು ಮರಳಿಸಬೇಕು. ನಾವಿಟ್ಟ ಹೆಸರುಗಳನ್ನು ಬೈಟ್ ಬದಲಾಗದಂತೆ ಹಿಂತಿರುಗಿಸುವ ವ್ಯವಸ್ಥೆಯಾಗಬೇಕು. ಮಾರ್ಗದರ್ಶಿಯಲ್ಲಿ ಸಿಂಕ್ ಮತ್ತು ಕಾಪಿಯ ವ್ಯತ್ಯಾಸವನ್ನೂ ಕಸದಬುಟ್ಟಿಯ ಮಿತಿಯನ್ನೂ ಸ್ಪಷ್ಟವಾಗಿ ಬರೆಯಬೇಕು. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸುವುದು ಕುಂದುಕೊರತೆ ಅಧಿಕಾರಿಯ ಹೊಣೆ. ಹಾಗಾಗದಿದ್ದಲ್ಲಿ ಸೇವಾ ನ್ಯೂನತೆಯ ಅಡಿಯಲ್ಲಿ ಗ್ರಾಹಕ ಆಯೋಗಕ್ಕೆ ಹೋಗಲು ಸಂಘದ ಸಭೆ ತೀರ್ಮಾನಿಸಿದೆ.

ಸಿಂಕ್‌ನ ಪೂರ್ಣ ಲಾಗ್ ಮತ್ತು ತಮ್ಮವರ ಉತ್ತರಗಳನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇವೆ. ಅಂದಿನಿಂದ ನಾವು ಖಾತೆಗೆ ಒಂದು ಫೈಲನ್ನೂ ಏರಿಸಿಲ್ಲ. ತಮ್ಮ ಸರ್ವರಿನಲ್ಲಿ ಹಳೆಯ ಸ್ನ್ಯಾಪ್‌ಶಾಟ್ (ಹಿಂದಿನ ಸ್ಥಿತಿಯ ಪ್ರತಿ) ಉಳಿದಿದ್ದರೆ, ಉಳಿದ ವಿಚಾರಣೆ ಮುಗಿಯುವವರೆಗೆ ಕಾಯದೆ, ಅದು ತಾನಾಗಿ ಅಳಿಯದಂತೆ ಇಂದೇ ತಡೆಹಿಡಿಯಬೇಕೆಂದು ಕೋರುತ್ತೇವೆ.

ಇತಿ,
ಸಂಘದ ದಾಖಲೆ ಸಮಿತಿಯ ಪರವಾಗಿ,
ಸಂಚಾಲಕರು